ಘೋಸ್ಟಿಂಗ್ ಅನ್ನೋದಕ್ಕೆ ನಮ್ಮ ಕಡೆ ಏನಂತಾರೆ

ನವೆಂಬರ್ 4, ಸೋಮವಾರ. ಮಧುಗಿರಿ

ಚೇತನ್ ಕುಮಾರ್ ಇವತ್ತು ನನ್ನ ಮೇಜಿನ ಮೇಲೆ ಒಂದು ಪಟ್ಟಿ ಇಟ್ಟು ಹೋದರು. ವಯಸ್ಸಲ್ಲಿ ನನಗಿಂತ ಹದಿನಾರು ವರ್ಷ ಚಿಕ್ಕವರು, ಕಚೇರಿಯಲ್ಲಿ ನನಗಿಂತ ಮೇಲಿನವರು, ಅದಕ್ಕೇ ಈ ಬಹುವಚನ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕೂ ತಾಲ್ಲೂಕಿನ ಹೈಸ್ಕೂಲು ಮೇಷ್ಟರುಗಳಿಗೆ ಒಂದು ಕೈಪಿಡಿ ಮಾಡಬೇಕಂತೆ. ಮಕ್ಕಳು ಮೊಬೈಲಿಂದ ಕಲಿತ ಇಂಗ್ಲಿಷ್ ಸ್ಲ್ಯಾಂಗ್ ಮೇಷ್ಟರಿಗೆ ಅರ್ಥ ಆಗ್ತಿಲ್ಲ. ಹುಡುಗರು ಬೈದರೋ ಹೊಗಳಿದರೋ ಗೊತ್ತಾಗದೆ ಪಾಪ ಹಲ್ಲು ಕಿರಿದುಕೊಂಡು ನಿಂತಿರ್ತಾರೆ. ಇಪ್ಪತ್ತು ಪದ. ಒಂದೊಂದಕ್ಕೂ ಮೂರು ಕಾಲಂ: ಅರ್ಥ, ಹುಟ್ಟಿದ್ದು ಎಲ್ಲಿ, ನಮ್ಮ ಕಡೆ ಏನಂತಾರೆ. ಡಿಸೆಂಬರ್ ಮೊದಲ ವಾರ ಪ್ರೆಸ್ಸಿಗೆ ಹೋಗಬೇಕು.

ಇಂಗ್ಲಿಷ್ ಮೇಡಂ ಅಂತ ನನ್ನ ತಲೆಗೆ ಕಟ್ಟಿದ್ದಾರೆ. ಕಟ್ಟಲಿ, ನನಗಿನ್ನೇನು ಕೆಲಸ. ಹುಲಿಕುಂಟೆ ಸ್ಕೂಲಿಂದ ನಿಯೋಜನೆ ಮೇಲೆ ಶಿಕ್ಷಣ ಇಲಾಖೆಯ ಈ ಕಚೇರಿಗೆ ಬಂದು ಒಂದೂವರೆ ವರ್ಷ ಆಯ್ತು, ಇಲ್ಲಿವರೆಗೆ ಬರೀ ಅಂಕಿಅಂಶ ತುಂಬಿದ್ದೇ ಬಂತು. ಇದಾದರೂ ಪದಗಳ ಕೆಲಸ. ಕುಂತಲ್ಲೇ ನಾಲ್ಕು ಮುಗಿಸಿದೆ. ‘ಸಸ್’ ಅಂದರೆ ‘ಯಾಕೋ ಡೌಟು’. ‘ಕ್ರಿಂಜ್’ ಅಂದರೆ ‘ನೋಡೋಕ್ಕಾಗಲ್ಲ ಮಾರಾಯ’. ಹಳೇ ಇಂಗ್ಲಿಷಿನಲ್ಲಿ ಅದು ಯುದ್ಧದಲ್ಲಿ ಸೋತು ಬೀಳೋದು ಅಂತಿತ್ತಂತೆ.

ಐದನೇದು ಘೋಸ್ಟಿಂಗ್. ಚೆನ್ನಾಗಿ ಮಾತಾಡ್ಕೊಂಡಿದ್ದವರು, ಜಗಳವಿಲ್ಲ ಕಾರಣವಿಲ್ಲ, ಇದ್ದಕ್ಕಿದ್ದಂಗೆ ಫೋನು ಎತ್ತದೆ, ಮೆಸೇಜಿಗೆ ಉತ್ತರ ಕೊಡದೆ ಮಾಯ ಆಗಿಬಿಡೋದು. ಓದಿದ ತಕ್ಷಣ ಲಕ್ಷ್ಮೀದೇವಿ ನೆನಪಾದಳು. ಹನ್ನೊಂದು ವರ್ಷ ನಾವಿಬ್ಬರೂ ಶಿರಾದಿಂದ ಹುಲಿಕುಂಟೆಗೆ ಒಂದೇ ಬಸ್ಸು, ಒಂದೇ ಸೀಟು. ಅವಳು ಗಣಿತ, ನಾನು ಇಂಗ್ಲಿಷ್. ಮದುವೆ ಮಕ್ಕಳು ಅಂತ ನನಗೇನಿಲ್ಲ, ಅಮ್ಮ ಇರೋದು ದೂರದ ಊರಲ್ಲಿ, ಗೆಳತಿ ಅಂತ ಇದ್ದವಳೂ ಅವಳೊಬ್ಬಳೇ. ಈ ಮಾರ್ಚಿನಲ್ಲಿ ಅವಳ ಗಂಡ ತಿಮ್ಮರಾಜು ತೀರಿಕೊಂಡರು. ಆಮೇಲೆ ನಮ್ಮಿಬ್ಬರ ಮಾತು ನಿಂತೇ ಹೋಯಿತು. ಜೂನ್‌ನಿಂದ ಅವಳದು ಒಂದು ಫೋನಿಲ್ಲ. ನನಗೆ ಬೇರೆ ಯಾರೂ ಇಲ್ಲ ಅಂತ ಗೊತ್ತಿದ್ದೂ ಹಿಂಗೆ ಮಾಡಿದ್ದಾಳೆ.

ಐದೂವರೆಗೆ ರೂಮಿಗೆ ಬಂದಮೇಲೆ ನಾನು ಆಡಿದ ಮಾತು ಒಂದೇ. ಹಾಲಿನ ಅಂಗಡಿಯವನಿಗೆ, ಅರ್ಧ ಲೀಟರ್ ಸಾಕು ಅಂತ.

ನವೆಂಬರ್ 7, ಗುರುವಾರ

ಪಾವಗಡಕ್ಕೆ ಹೋಗಿ ಅಲ್ಲಿಂದ ಕ್ಯಾತಗಾನಚೆರ್ಲು ಸ್ಕೂಲು. ಮಕ್ಕಳು ನಿಜಕ್ಕೂ ಏನಂತಾರೆ ಅಂತ ಅವರ ಬಾಯಿಂದಲೇ ಕೇಳೋಣ ಅಂತ ಹಾಳೆ ಅಚ್ಚು ಹಾಕಿಸಿದ್ದೇನೆ: ಪದ, ನಿಮ್ಮ ಜೀವನದಿಂದ ಒಂದು ಉದಾಹರಣೆ, ನಿಮ್ಮ ಮನೆಯಲ್ಲಿ ಇದಕ್ಕೆ ಏನಂತಾರೆ. ಕೆಳಗೆ ಸಣ್ಣಕ್ಷರದಲ್ಲಿ ‘ಸಂಗ್ರಹ: ಶಿವರಂಜನಿ’. ನನ್ನ ಹೆಸರನ್ನು ಅಚ್ಚಿನಲ್ಲಿ ನೋಡಿ ಒಂಥರಾ ಖುಷಿಯಾಯ್ತು, ಸುಳ್ಳೇಕೆ.

ಹತ್ತನೇ ಕ್ಲಾಸಿನವರು ಮೊದಲು ಬಾಯಿ ಬಿಡಲಿಲ್ಲ. ಘೋಸ್ಟಿಂಗ್ ಅಂದರೆ ಬ್ಲಾಕ್ ಮಾಡೋದು ತಾನೇ ಅಂತ ನಾನು ತಪ್ಪು ಹೇಳಿದ್ದೇ ತಡ, ಎಲ್ಲರೂ ಒಟ್ಟಿಗೆ ನನ್ನ ಮೇಲೆ ಬಿದ್ದರು. ಅದಲ್ಲ ಮೇಡಂ, ಬ್ಲಾಕ್ ಮಾಡಿದರೆ ಕೋಪ ಬಂದಿದೆ ಅಂತ ಗೊತ್ತಾಗುತ್ತೆ, ಇದರಲ್ಲಿ ಏನೂ ಗೊತ್ತಾಗಲ್ಲ, ಅದೇ ಕಷ್ಟ ಅಂದರು. ಒಂದು ಹುಡುಗಿ ಅವರಜ್ಜಿ ಭಾಷೆಯಲ್ಲಿ ಹೇಳಿದಳು, “ಎಂತ ಪಿಲಿಚಿನಾ ಪಲಕಲೇದು.” ಎಷ್ಟು ಕರೆದರೂ ಓಗೊಡಲಿಲ್ಲ ಅಂತ. ಬರೆದುಕೊಂಡೆ. ಆದರೆ ಅದು ತೆಲುಗು, ಕಾಲಂಗೆ ಕನ್ನಡ ಬೇಕು.

ವಾಪಸ್ ಬರುವಾಗ ಸೋಲಾರ್ ಪ್ಲಾಂಟಿಗೆ ಕೆಲಸಕ್ಕೆ ಹೋಗೋ ಹೆಂಗಸರು ಬಸ್ಸು ತುಂಬಿದ್ದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಒಂದೇ ಸಮನೆ ಮಾತು, ಯಾರದೋ ಸೊಸೆಯ ವಿಷಯ. ಪಕ್ಕದಲ್ಲಿ ಕೂತವಳು ನನ್ನ ಮಡಿಲಿಗೂ ಒಂದು ಹಿಡಿ ಕಡಲೆಕಾಯಿ ಹಾಕಿ ಮಾತು ಮುಂದುವರಿಸಿದಳು. ಮಧುಗಿರಿವರೆಗೆ ಬಿಡಿಸಿಕೊಂಡು ತಿಂದೆ.

ನವೆಂಬರ್ 9, ಶನಿವಾರ

ಕೊರಟಗೆರೆ ತಾಲ್ಲೂಕು ಮುಗಿಯಿತು. ಮಕ್ಕಳಿಗಿಂತ ಅಲ್ಲಿಯ ಸ್ಕೂಲಿನ ಜವಾನ ಗಂಗಹನುಮಯ್ಯನೇ ಹೆಚ್ಚು ಹೇಳಿದ. ಅವನಿಗೂ ಅವನ ಅಣ್ಣ ಕೆಂಪಯ್ಯನಿಗೂ ಬದುವಿನ ವಿಷಯಕ್ಕೆ ಹದಿನಾಲ್ಕು ವರ್ಷದಿಂದ ಮಾತಿಲ್ಲ. ಮನೆ ಎದುರುಬದುರು. ಹಾಗಾದರೆ ನಮ್ಮ ಕಡೆ ಇದಕ್ಕೆ ‘ಮಾತು ಬಿಡೋದು’ ಅಂತಾರಲ್ಲ, ಅದನ್ನೇ ಕಾಲಂಗೆ ಹಾಕಬಹುದಲ್ಲ ಅಂತ ನಾನು ಖುಷಿಯಾಗಿ ಪೆನ್ನು ತೆಗೆದೆ. ಅವನು ತಲೆ ಆಡಿಸಿಬಿಟ್ಟ.

“ನಾವು ಹೇಳಿ ಬುಟ್ಟಿರದು ಮೇಡಮ್ಮ. ಅರಳಿಕಟ್ಟೆ ತಾವ ನಾಕ್ ಜನದ ಮುಂದೆ, ಇವತ್ತಿಂದ ನಿಂಗೂ ನಂಗೂ ಮಾತಿಲ್ಲ ಅಂತ ಬಾಯ್ಬುಟ್ಟು ಹೇಳಿ ಬುಟ್ಟಿರದು. ಹೇಳ್ದೆ ಕೇಳ್ದೆ ಬುಡಾದು ಮನ್ಸರು ಮಾಡಾ ಕೆಲ್ಸ ಅಲ್ಲ.”

ಅಣ್ಣನಿಗೆ ಜ್ವರ ಬಂದರೆ ಇವನ ಹೆಂಡತಿ ಗಂಜಿ ಮಾಡಿ ಕಳಿಸ್ತಾಳಂತೆ, ಅಣ್ಣ ಕುಡೀತಾನಂತೆ, ಆದರೆ ಮಾತಿಲ್ಲ. ಎಂಥ ಜನವೋ. ಪೆನ್ನು ಮುಚ್ಚಿ ಬ್ಯಾಗಿಗೆ ಹಾಕಿದೆ.

ನವೆಂಬರ್ 12, ಮಂಗಳವಾರ

ಬರೆಯೋಕೆ ಏನಿಲ್ಲ. ಬೆಳಿಗ್ಗೆಯ ಉಪ್ಪಿಟ್ಟೇ ಸಾಯಂಕಾಲಕ್ಕೂ. ಕೆಳಗಿನ ಮನೆಯ ಬಸವಲಿಂಗಯ್ಯನವರು ಮಗಳ ಊರಿಗೆ ಹೋಗಿ ಹದಿನೈದು ದಿನ ಆಯ್ತು, ಅವರ ಟಿವಿ ಸದ್ದೂ ಇಲ್ಲ.

ನವೆಂಬರ್ 15, ಶುಕ್ರವಾರ

ಎರಡನೇ ಕಾಲಂ, ಅಂದರೆ ಹುಟ್ಟಿದ್ದು ಎಲ್ಲಿ ಅನ್ನೋದು, ಇವತ್ತು ಮುಗಿಯಿತು. ನನ್ನ ದಪ್ಪ ನಿಘಂಟು ತೆಗೆದು ಹಾಸಿಗೆ ಮೇಲೆ ಹರಡಿಕೊಂಡು ಕೂತೆ. ‘ಘೋಸ್ಟ್’ ಅನ್ನೋ ಪದಕ್ಕೆ ಹಳೇ ಇಂಗ್ಲಿಷಿನಲ್ಲಿ ಉಸಿರು, ಪ್ರಾಣ ಅಂತ ಅರ್ಥ ಇತ್ತಂತೆ. ದೆವ್ವ ಆಮೇಲೆ ಆಗಿದ್ದು. ಆಮೇಲೆ ಸದ್ದಿಲ್ಲದೆ ಓಡಾಡೋದು ಅಂತಾಯ್ತು, ಆಮೇಲೆ ಯಾರಿಗೂ ಹೇಳದೆ ಜಾಗ ಖಾಲಿ ಮಾಡೋದು. ಫೋನು ಎತ್ತದೇ ಇರೋ ಅರ್ಥ ಬಂದು ಇನ್ನೂ ಇಪ್ಪತ್ತು ವರ್ಷ ತುಂಬಿಲ್ಲ. ದೊಡ್ಡ ನಿಘಂಟುಗಳಿಗೆ ಸೇರಿ ಹತ್ತು ವರ್ಷ ಆಗಿರಬಹುದು.

ಒಂದು ವಿಷಯ ನಾನು ತಿರುಗಾಮುರುಗಾ ತಿಳ್ಕೊಂಡಿದ್ದೆ. ಕೈಬಿಟ್ಟು ಹೋದಾಗ ಉಳಿದವರು ದೆವ್ವದ ಥರ ಒಂಟಿಯಾಗಿ ಅಲೀತಾರೆ, ಅದಕ್ಕೇ ಈ ಹೆಸರು ಅಂದುಕೊಂಡಿದ್ದೆ. ಹಾಗಲ್ಲ. ಹೋದವರೇ ದೆವ್ವ. ಉಳಿದವರು ಮನುಷ್ಯರಾಗೇ ಇರ್ತಾರೆ.

ಮಧುಗಿರಿಯದೂ ಆಯ್ತು, ಶಿರಾ ಮಾತ್ರ ಬಾಕಿ. ನೀವೇ ಹೋಗಿ ಬನ್ನಿ ಮೇಡಂ, ನಿಮ್ಮದೇ ಊರಲ್ವಾ ಅಂದರು ಚೇತನ್ ಕುಮಾರ್. ಬಸ್ಸು ಸರಿ ಇಲ್ಲ ಅಂದೆ. ಅರ್ಧ ಗಂಟೆಗೊಂದು ಬಸ್ಸಿರೋ ಊರಿಗೆ ಬಸ್ಸು ಸರಿ ಇಲ್ಲ ಅಂತ ಹೇಳೋಕೆ ನನಗೆ ನಾಚಿಕೆಯೂ ಆಗಲಿಲ್ಲ. ಅವರು ನನ್ನ ಮುಖ ನೋಡಿ ಒತ್ತಾಯ ಬಿಟ್ಟರು. ಹಾಳೆಗಳನ್ನು ಅಲ್ಲಿಯ ಸ್ಕೂಲಿಗೇ ಕಳಿಸಿ ತುಂಬಿಸಿ ತರಿಸೋದು ಅಂತಾಯ್ತು.

ನವೆಂಬರ್ 21, ಗುರುವಾರ

ಶಿರಾದ ಕಟ್ಟು ಬಂತು. ನಲವತ್ತೆರಡು ಹಾಳೆ. ಶಿರಾ ಮಕ್ಕಳು ‘ಗಾಯಬ್ ಆಗ್ಬಿಟ್ಟ’ ಅಂತ ಬರೆದಿದ್ದಾರೆ. ಚೆನ್ನಾಗಿದೆ, ಮೂರನೇ ಕಾಲಂಗೆ ಸಾಕು ಅನ್ನಿಸಿತು. ಉಳಿದವನ್ನು ಸುಮ್ಮನೆ ತಿರುವಿದೆ.

ಇಪ್ಪತ್ತೇಳನೇ ಹಾಳೆ ರಕ್ಷಾಳದು, ಲಕ್ಷ್ಮೀದೇವಿ ಮಗಳದು. ಅವಳಿಗೆ ಆ ದುಂಡು ಅಕ್ಷರ ತಿದ್ದಿಸಿದ್ದೇ ನಾನು. ಹೆಸರು ಓದೋ ಮೊದಲೇ ಗುರುತು ಹತ್ತಿತು.

ಪದ: ಘೋಸ್ಟ್.
ಉದಾಹರಣೆ: ಶಿವು ಆಂಟಿ ನಮ್ಮಮ್ಮನ್ನ ಘೋಸ್ಟ್ ಮಾಡಿದ್ರು.
ಮನೆಯಲ್ಲಿ ಏನಂತಾರೆ: ಏನೂ ಅನ್ನಲ್ಲ. ಅವಳಿಗೇನೋ ಕೆಲಸ ಇರುತ್ತೆ ಅಂತಾರೆ ನಮ್ಮಮ್ಮ.

ನವೆಂಬರ್ 22, ಶುಕ್ರವಾರ

ತಲೆಹರಟೆ ಹುಡುಗಿ. ಹದಿನೈದು ವರ್ಷ ಆಗಿದೆ, ದೊಡ್ಡವರ ವಿಷಯ ಹಾಳೆಯಲ್ಲಿ ಬರೀಬಾರದು ಅನ್ನೋ ಜ್ಞಾನ ಬೇಡವಾ. ಆ ಹಾಳೆ ಆ ಸ್ಕೂಲಿನ ಎಷ್ಟು ಮೇಷ್ಟರ ಕೈ ದಾಟಿ ಬಂದಿದೆಯೋ. ಕೆಳಗೆ ನನ್ನ ಹೆಸರು ಅಚ್ಚಾಗಿದೆ. ಅಂದರೆ ನಾನೇ ಓದ್ತೀನಿ ಅಂತ ಗೊತ್ತಿದ್ದೇ ಬರೆದಿದ್ದಾಳೆ.

ನಾನೇನು ಬ್ಲಾಕ್ ಮಾಡಿದ್ದೀನಾ? ಫೋನಿನಲ್ಲಿ ಅವರಮ್ಮನ ನಂಬರ್ ಹಾಗೇ ಇದೆ, ಫೋಟೋ ಸಮೇತ. ಇದೆಯೋ ಇಲ್ಲವೋ ಅಂತ ನೋಡೋಕೆ ತೆಗೆದೆ.

ಮೆಸೇಜುಗಳೂ ಇದ್ದವು. ‘ಶಿವು, ಎಲ್ಲಿದ್ದೀಯ?’ ಆಮೇಲೆ, ‘ಉಗಾದಿಗೆ ಏನೂ ಮಾಡ್ಲಿಲ್ಲ ಈ ಸಲ. ನೀನು ಒಬ್ಬಟ್ಟು ಮಾಡ್ಕೊಂಡ್ಯಾ?’ ಮೇ ತಿಂಗಳಲ್ಲಿ, ‘ರಕ್ಷಾ ಒಂಬತ್ತನೇ ಕ್ಲಾಸು ಪಾಸಾದ್ಲು. ಇಂಗ್ಲಿಷ್‌ನಲ್ಲಿ ಎಂಬತ್ತೊಂಬತ್ತು. ನಿನಗೆ ಹೇಳ್ಬೇಕು ಅಂತಿದ್ಳು.’ ಜೂನ್ 2ನೇ ತಾರೀಖು ಮೂರು ಸಲ ಫೋನು. ಒಂದಕ್ಕೂ ನಾನು ಉತ್ತರ ಕೊಟ್ಟಿಲ್ಲ. ಒಂದು ಸ್ಮೈಲಿ ಕೂಡ ಹಾಕಿಲ್ಲ.

ಇವತ್ತು ಅಡುಗೆ ಮಾಡಲಿಲ್ಲ.

ನವೆಂಬರ್ 28, ಗುರುವಾರ

ಐದು ದಿನ ಈ ಡೈರಿ ಮುಟ್ಟಲಿಲ್ಲ. ಇವತ್ತು ಬರೆದೇಬಿಡ್ತೀನಿ, ಓದೋರು ಯಾರಿದ್ದಾರೆ.

ಮಾರ್ಚ್ ಹದಿನಾಲ್ಕು, ಗುರುವಾರ ಬೆಳಿಗ್ಗೆ ತಿಮ್ಮರಾಜು ಹೊಲದಲ್ಲಿ ಮೋಟಾರು ಹಾಕೋಕೆ ಹೋದವರು ಅಲ್ಲೇ ಕುಸಿದುಬಿದ್ದರು. ಎದೆ ನೋವು. ನನಗೆ ಸುದ್ದಿ ಬಂದಾಗ ಸಾಯಂಕಾಲ, ಮಣ್ಣಾಗಿಹೋಗಿತ್ತು. ಮುಖ ನೋಡೋದು ತಪ್ಪಿತು, ಮಾತಾಡಿಸಿಕೊಂಡಾದರೂ ಬರಬೇಕಲ್ಲ. ನಮ್ಮ ಕಡೆ ಸತ್ತವರ ಮನೆಗೆ ಹೋಗೋದಕ್ಕೆ ಅದೇ ಹೆಸರು, ಮಾತಾಡಿಸೋಕೆ ಹೋಗೋದು. ತಿಥಿ ಆಗೋದರೊಳಗೆ, ಹನ್ನೊಂದು ದಿನದೊಳಗೆ ಹೋಗಿಬಿಡಬೇಕು.

ಶುಕ್ರವಾರ ಹೋಗೋ ಹಾಗಿಲ್ಲ. ಶನಿವಾರ ಮೂರನೇ ದಿನದ ಹಾಲುತುಪ್ಪ, ಬರೀ ಅವರ ನೆಂಟರೇ ಇರ್ತಾರೆ, ನಾಳೆ ಹೋದರಾಯ್ತು ಅಂದುಕೊಂಡೆ. ಭಾನುವಾರ ಸೀರೆ ಉಟ್ಟು ರೆಡಿಯಾದೆ, ತಲೆನೋವು ಅಂತ ಮಲಗಿಬಿಟ್ಟೆ. ಸೋಮವಾರ ಶಿವನ ವಾರ, ಅಂಥ ಮನೆಗೆ ಹೋಗಬೇಡ ಅಂದಳು ಅಮ್ಮ ಫೋನಿನಲ್ಲಿ. ಮಂಗಳವಾರ ಯಾರೂ ಹೋಗಲ್ಲ. ಬುಧವಾರ ಪರೀಕ್ಷೆ ಮೀಟಿಂಗು. ಗುರುವಾರ ಹೋದೆ. ಶಿರಾ ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಅಲ್ಲಿಂದ ಅವಳ ಮನೆಗೆ ಹತ್ತು ನಿಮಿಷದ ನಡಿಗೆ. ಬಾಳೆಹಣ್ಣು ತಗೊಂಡು, ಇಂಥ ಮನೆಗೆ ಹಣ್ಣು ಒಯ್ಯಬಹುದಾ ಇಲ್ಲವಾ ಅಂತ ಯೋಚನೆ ಮಾಡ್ತಾ ಬೆಂಚಿನ ಮೇಲೆ ಕೂತೆ. ಕಷ್ಟ ಸುಖ ಎಲ್ಲಾ ಹೇಳಿಕೊಂಡಿದ್ದವಳ ಮುಂದೆ ನಿಂತು ಏನು ಹೇಳೋದು? ಅಳ್ತಾ ಇದ್ದರೆ ತಬ್ಬಿಕೊಳ್ಳಲಾ? ಅಳದೇ ಇದ್ದರೆ? ಮುಕ್ಕಾಲು ಗಂಟೆ ಕೂತು ಮಧುಗಿರಿ ಬಸ್ಸು ಹತ್ತಿದೆ. ಹಣ್ಣು ಅಲ್ಲೇ ಬಿಟ್ಟೆ.

ಭಾನುವಾರ ತಿಥಿ. ಮಾರನೇ ದಿನ ಪರೀಕ್ಷೆ ಶುರು, ಅದೇ ನೆಪ. ತಿಥಿ ಆದಮೇಲೆ ಯಾರೂ ಹೋಗಲ್ಲ, ಅದು ಮುಗಿದುಹೋದ ಲೆಕ್ಕ. ನನಗೆ ಸಮಾಧಾನವೇ ಆಯಿತು, ಇನ್ನು ಹೋಗಬೇಕಾಗಿಲ್ಲವಲ್ಲ ಅಂತ. ಅವಳ ಮೊದಲ ಫೋನು ಬಂದಾಗ ಹೆಂಗೆ ಎತ್ತಲಿ, ಬರದೇ ಇದ್ದವಳು. ಮೊದಲನೇದು ಎತ್ತದೇ ಇದ್ದಮೇಲೆ ಎರಡನೇದು ಎತ್ತೋದು ಇನ್ನೂ ಕಷ್ಟ ಆಯಿತು. ಹಿಂಗೇ ಜೂನ್ ಬಂತು.

ನನಗೆ ನಾಚಿಕೆ ಆಗ್ತಿದೆ. ತುಂಬಾ ಆಗ್ತಿದೆ.

ಡಿಸೆಂಬರ್ 2, ಸೋಮವಾರ

ಕೈಪಿಡಿ ಪ್ರೆಸ್ಸಿಗೆ ಹೋಯಿತು. ಹತ್ತೊಂಬತ್ತು ಪದ ಪೂರ್ತಿ. ಘೋಸ್ಟಿಂಗ್ ಮುಂದೆ ಮೂರನೇ ಕಾಲಂ ಖಾಲಿ ಬಿಟ್ಟಿದ್ದೆ. ‘ಗಾಯಬ್’ ಹಾಕಿ ಅಂದರು ಚೇತನ್ ಕುಮಾರ್. ಗಾಯಬ್ ಆಗಿದ್ದು ವಸ್ತುವೂ ಆಗಬಹುದು ಸಾರ್, ಕೊಡೆ, ಚಪ್ಪಲಿ ಏನು ಬೇಕಾದರೂ, ಇದು ಮನುಷ್ಯರು ಬೇಕು ಅಂತಲೇ ಮಾಡೋದು ಅಂದೆ. ಅವರು ಗಡಿಯಾರ ನೋಡಿ ‘ಕಣ್ಮರೆ’ ಅಂತ ತಾವೇ ಬರೆದು ಕಳಿಸಿದರು. ಹೋಗಲಿ ಬಿಡಿ, ಜಗಳ ಆಡೋ ಮನಸ್ಸಿರಲಿಲ್ಲ.

ಅಮ್ಮನಿಗೆ ಫೋನ್ ಮಾಡಿ, ಈಗ ಲಕ್ಷ್ಮೀದೇವಿ ಮನೆಗೆ ಹೋಗಬಹುದಾ ಅಂತ ಕೇಳಿದೆ. ಒಂಬತ್ತು ತಿಂಗಳಾದ ಮೇಲೆ ಹೋಗಿ ಆರಿದ ಗಾಯ ಕೆರೀಬೇಡ, ವರ್ಷದ ತಿಥಿಗೆ ಹೋಗು, ಅದು ಪದ್ಧತಿ ಅಂದಳು. ಹೂಂ ಅಂದೆ. ಫೋನಿಟ್ಟ ಮೇಲೆ ಅನ್ನಿಸಿತು, ನನಗೆ ಯಾವಾಗಲೂ ಯಾರಾದರೂ ಬೇಡ ಅಂದರೆ ಸಾಕು.

ಡಿಸೆಂಬರ್ 8, ಭಾನುವಾರ

ಹೋಗಿ ಬಂದೆ.

ಬಸ್ಸಿನಲ್ಲಿ ಮೂರು ವಾಕ್ಯ ಉರು ಹೊಡೆದುಕೊಂಡು ಹೋಗಿದ್ದೆ, ಮಕ್ಕಳಿಗೆ ಭಾಷಣ ಕಲಿಸ್ತೀವಲ್ಲ ಹಂಗೆ. ಬೀದಿ ಗೊತ್ತಿತ್ತು, ಗೇಟು ಗೊತ್ತಿತ್ತು. ಗೇಟಿಗೆ ಹೊಸ ಬಣ್ಣ ಹೊಡೆಸಿದ್ದಾಳೆ, ಹಸಿರು. ಬಾಗಿಲು ತೆಗೆದವಳು ಅವಳೇ. ಇಳಿದುಹೋಗಿದ್ದಾಳೆ. ಕೂದಲು ನೆರೆತಿದೆ, ಬಣ್ಣ ಹಚ್ಚೋದು ಬಿಟ್ಟಿದ್ದಾಳೆ. ನನ್ನ ನೋಡಿ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

“ಬನ್ನಿ ಮೇಡಂ. ಕೂತ್ಕಳಿ.”

ಹನ್ನೊಂದು ವರ್ಷ ಲೇ ಶಿವು ಅಂತ ಕರೆದವಳು. ಬೈದಿದ್ದರೆ ತಡ್ಕೊಳ್ತಿದ್ದೆ. ಕೂತೆ. ಯಾವ ಬಸ್ಸಿಗೆ ಬಂದಿರಿ, ಆಫೀಸು ಹೆಂಗಿದೆ, ಅಲ್ಲಿ ನೀರಿನ ತೊಂದರೆ ಇಲ್ಲ ತಾನೇ ಅಂತ ಕೇಳಿದಳು, ಮಗನ ಟಿಸಿ ಕೇಳೋಕೆ ಬಂದ ಪೋಷಕರ ಜೊತೆ ಮಾತಾಡೋ ಹಾಗೆ. ಗೋಡೆ ಮೇಲೆ ತಿಮ್ಮರಾಜು ಫೋಟೋ. ರಕ್ಷಾಳ ಒಂದು ಹುಟ್ಟುಹಬ್ಬದಲ್ಲಿ ತೆಗೆದದ್ದು, ಪಕ್ಕದಲ್ಲಿದ್ದ ನಮ್ಮನ್ನೆಲ್ಲಾ ಕತ್ತರಿಸಿ ಅವರೊಬ್ಬರನ್ನೇ ದೊಡ್ಡದು ಮಾಡಿಸಿದ್ದಾರೆ. ಅವರ ಭುಜದ ಮೇಲೆ ಯಾರದೋ ಸೀರೆ ಸೆರಗಿನ ತುದಿ ಉಳಿದುಕೊಂಡಿದೆ.

ರಕ್ಷಾ ಕಾಫಿ ತಂದು ಟೀಪಾಯಿ ಮೇಲೆ ಕುಕ್ಕಿದಳು. ಹೆಂಗಿದ್ದೀಯಮ್ಮ ಅಂದೆ. ನನ್ನನ್ನೇ ದಿಟ್ಟಿಸಿ ನೋಡಿ, ಒಳಗೆ ಹೋಗಿ ದಢಾರನೆ ಬಾಗಿಲು ಹಾಕಿಕೊಂಡಳು. ಅಷ್ಟಾದರೂ ಸದ್ದು ಮಾಡಿದಳಲ್ಲ ಅಂತ ನನಗೆ ಸಮಾಧಾನ ಆಯಿತು.

ಆ ಮೂರು ವಾಕ್ಯ ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ. ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ, ಹೆದರಿಕೊಂಡು ವಾಪಸ್ ಹೋದೆ, ತಿಥಿ ಆದಮೇಲೆ ಬರಬಾರದು ಅಂತ ಸುಮ್ಮನಾದೆ, ಹನ್ನೊಂದು ದಿನದೊಳಗೆ ಬರಬೇಕಿತ್ತು, ನನ್ನದು ತಪ್ಪು ಅಂದೆ. ಹೇಳ್ತಾ ಹೇಳ್ತಾ ನಾನೇ ಅಳೋಕೆ ಶುರು ಮಾಡಿದೆ. ಅವಳು ಅಳಲಿಲ್ಲ. ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದಳು. ಆಮೇಲೆ ಹೇಳಿದಳು.

“ಆ ಹನ್ನೊಂದು ದಿನ ಮನೆ ತುಂಬಾ ಜನ ಇದ್ರು. ಯಾರು ಬಂದ್ರು, ಯಾರು ಬರ್ಲಿಲ್ಲ, ನಂಗೆ ಜ್ಞಾನನೇ ಇರ್ಲಿಲ್ಲ ಕಣೆ. ನೀನು ಬಂದಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ. ಹನ್ನೆರಡನೇ ದಿನ ಎಲ್ಲಾ ಹೊರಟೋದ್ರು. ಶಾಮಿಯಾನದೋನು ಬಂದು ಚೇರು ಎಲ್ಲಾ ಎತ್ಕೊಂಡೋದ. ರಕ್ಷಾ ಮಲಗಿದ್ಲು. ಅನ್ನಕ್ಕೆ ಎಷ್ಟು ಜನಕ್ಕೆ ಇಡ್ಬೇಕು ಅಂತ ಗೊತ್ತಾಗ್ಲಿಲ್ಲ ನಂಗೆ, ಅಕ್ಕಿ ಪಾವು ಹಿಡ್ಕೊಂಡು ನಿಂತಿದ್ದೆ. ಅವತ್ತು ನಿಂಗೆ ಫೋನ್ ಮಾಡಿದ್ದು. ನೀನು ಅವತ್ತು ಬರ್ಬೇಕಿತ್ತು.”

ಆರಿದ ಕಾಫಿ ಕುಡಿದು ಮುಗಿಸಿದೆ. ಇನ್ನೊಂದು ಗಂಟೆ ಕೂತಿದ್ದೆ. ಅವಳು ಅವರೆಕಾಯಿ ಬಿಡಿಸೋಕೆ ಕೂತಳು, ನಾನೂ ಒಂದು ಮೊರ ಎಳೆದುಕೊಂಡೆ. ಹೊರಡುವಾಗ ಮುಂದಿನ ಭಾನುವಾರ ಬರ್ತೀನಿ ಅಂದೆ. ಬಾ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಗೇಟಿನವರೆಗೂ ಬಂದಳು.

ಡಿಸೆಂಬರ್ 10, ಮಂಗಳವಾರ

ನಿನ್ನೆ ಫೋನ್ ಮಾಡಿದೆ, ಎತ್ತಲಿಲ್ಲ. ಇವತ್ತು ಕಚೇರಿ ಬಿಟ್ಟ ಮೇಲೆ ಮಾಡಿದೆ. ಪೂರ್ತಿ ರಿಂಗಾಗಿ ತಾನಾಗೇ ನಿಂತಿತು. ಸುಮ್ಮನೆ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಹೀಗೆ ಕೂರೋದು ಹೆಂಗಿರುತ್ತೆ ಅಂತ ಈಗ ಗೊತ್ತಾಗ್ತಿದೆ. ಅವಳು ಎರಡು ತಿಂಗಳಿಗೂ ಹೆಚ್ಚು ಕೂತಿದ್ದಳು.

ಮೆಸೇಜ್ ಹಾಕಿದೆ. ‘ಅನ್ನಕ್ಕೆ ಇಟ್ಯಾ?’ ಅಂತ ಅಷ್ಟೇ. ಬೇರೇನೂ ಹೊಳೀಲಿಲ್ಲ. ಓದಿದ್ದಾಳೆ, ಎರಡು ನೀಲಿ ಟಿಕ್ಕು ಬಂದಿದೆ, ಉತ್ತರ ಇಲ್ಲ. ಈಗ ಏಳು ಗಂಟೆ. ಊಟ ಮಾಡಿ ಇನ್ನೊಂದು ಸಲ ಫೋನ್ ಮಾಡ್ತೀನಿ. ನಾಳೆಯೂ ಮಾಡ್ತೀನಿ.